ಸಿಕ್ಕಿದ್ದೆಲ್ಲ ಹುಡುಕಿದ್ದೇ?

ನಮ್ಮ ವಾಶಿಯ ಮನೆಗಳಲ್ಲಿ ಮಕ್ಕಳು ಆಡುವ ಸಾಹಸದ ವಿಡಿಯೋ ಆಟಗಳಲ್ಲಿ ಗೋಡೆಯ ಹಿಂದೆ, ಜಲಪಾತದ ಮರೆಯಲ್ಲಿ ನಾಣ್ಯ, ರತ್ನಗಳನ್ನು ಬಚ್ಚಿಟ್ಟಿರುತ್ತಾರೆ. ಯಾವುದು ಎಲ್ಲಿದೆಯೆಂದು ತಿಳಿಸುವ ಪಟ್ಟಿಯೂ ಸಿದ್ಧವಾಗಿ ಸಿಗುತ್ತದೆ. ಪಟ್ಟಿ ನೋಡಿ ಎಲ್ಲವನ್ನೂ ಕೂಡಿಹಾಕಿದರೆ ಹುಡುಕಿದಂತಾಯಿತೇ? ಆಟದ ಮಾತು ತಾನೇ ಎಂದು ನಾವು ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

1980ರ ಸುಮಾರಿಗೆ ಅಮೆರಿಕದ ಅಟಾರಿ ಸಂಸ್ಥೆ ‘ಅಡ್ವೆಂಚರ್’ ಎಂಬ ಆಟವನ್ನು ಹೊರತಂದಿತು. ಆಟ ರಚಿಸಿದವರ ಹೆಸರು ಹಾಕುವ ಪದ್ಧತಿ ಆಗ ಅಲ್ಲಿರಲಿಲ್ಲ. ಅದನ್ನು ರಚಿಸಿದ ವಾರೆನ್ ರಾಬಿನೆಟ್ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆಯಲ್ಲಿ ತನ್ನ ಹೆಸರು ಬರೆದಿಟ್ಟ. ಹಿನ್ನೆಲೆಯ ಬಣ್ಣದಲ್ಲೇ ಬೆರೆತುಹೋದ ಒಂದು ಚುಕ್ಕೆಯೇ ಅದಕ್ಕೆ ಕೀಲಿಕೈ. ಆಡುತ್ತಿದ್ದ ಹುಡುಗನೊಬ್ಬ ಅದನ್ನು ಕಂಡು ಸಂಸ್ಥೆಗೆ ಕಾಗದ ಬರೆದ. ಆ ಚುಕ್ಕೆಗೆ ಅಂಕವೇನೂ ಇರಲಿಲ್ಲ. ಹುಡುಗನಿಗೆ ಸಿಕ್ಕಿದ್ದು ಆಟದ ಹಿಂದಿದ್ದ ಮನುಷ್ಯ.

ನಮ್ಮ ನಾಡಿನ ಸೋಮನಾಥಪುರದಲ್ಲಿ, 13ನೆಯ ಶತಮಾನದ ಹೊಯ್ಸಳ ದೇಗುಲದ ವಿಗ್ರಹಗಳ ಬುಡದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. ಅದು ಬಚ್ಚಿಟ್ಟ ಹೆಸರಲ್ಲ. ಆದರೂ ರಜೆಯಲ್ಲಿ ಊರಿಗೆ ಹೋದ ನಾವು, ಗೈಡ್ ಬೆರಳು ಮಾಡಿ ತೋರಿಸಿದ್ದನ್ನಷ್ಟೇ ನೋಡಿ, ಫೋಟೋ ತೆಗೆದುಕೊಂಡು ಬಸ್ಸು ಹತ್ತುತ್ತೇವೆ. ಬಗ್ಗಿ ನೋಡಿದವರಿಗಷ್ಟೇ ಮಲ್ಲಿತಮ್ಮ ಸಿಗುತ್ತಾನೆ.

ಸೋತು ಕುಳಿತಾಗ ಒಂದು ಸುಳಿವು ಕೇಳುವುದು ತಪ್ಪಲ್ಲ. ಗುರುಗಳೂ ಕೊಡುವುದು ಸುಳಿವನ್ನೇ. ಆದರೆ ಪಟ್ಟಿಯಿಂದ ದೊರೆಯುವುದು ವಸ್ತು ಮಾತ್ರ. ಹುಡುಕಾಟದಿಂದ ಅದನ್ನು ಅಲ್ಲಿಟ್ಟವನ ಮನಸ್ಸೂ, ನೋಡಬಲ್ಲ ನಮ್ಮ ಕಣ್ಣೂ ದೊರೆಯುತ್ತವೆ. ಆದುದರಿಂದ ಮಕ್ಕಳನ್ನು ‘ಎಷ್ಟು ಸಿಕ್ಕಿತು?’ ಎಂದು ಕೇಳುವುದಕ್ಕಿಂತ ‘ಹೇಗೆ ಕಂಡುಹಿಡಿದೆ?’ ಎಂದು ಕೇಳುವುದು ಲೇಸು.