ತಿಳಿಯದೆ ಹಂಚಿದ ರೋಗಕ್ಕೆ ಹೊಣೆ ಯಾರು?

ಅಂಟುರೋಗದಿಂದ ಮನೆಯಲ್ಲೊಂದು ಸಾವು ಸಂಭವಿಸಿದರೆ, ಅಳುವಿನ ನಡುವೆಯೇ ಒಂದು ಪ್ರಶ್ನೆ ಏಳುತ್ತದೆ: ‘ಇದನ್ನು ಮನೆಗೆ ತಂದವರು ಯಾರು?’ 2020 ಮತ್ತು 2021ರ ಕೊರೋನಾ ದಿನಗಳಲ್ಲಿ ಈ ಪ್ರಶ್ನೆ ಊರೂರುಗಳಲ್ಲಿ ಕೇಳಿಬಂತು. ಪರಊರಿನಿಂದ ಮರಳಿದ ಮಗನನ್ನು ನೆರೆಯವರು ದಿಟ್ಟಿಸಿ ನೋಡಿದರು. ತಂದೆ ತೀರಿಕೊಂಡ ಮೇಲೆ ಆ ಮಗನೂ ತನ್ನನ್ನೇ ಅಪರಾಧಿಯೆಂದು ಬಗೆದನು. ಅಂಥವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಿಗೆ ನಾವು ಏನು ಹೇಳಬೇಕು?

ಮೊದಲು ರೋಗ ನಡೆಯುವ ದಾರಿಯನ್ನು ನೋಡೋಣ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಬೇರೆ ಬೇರೆ ತಾಲ್ಲೂಕುಗಳಾದರೂ ಬದುಕು ಒಂದೇ ನೂಲಿನಲ್ಲಿ ಹೆಣೆದದ್ದು. ಸಕ್ಕರೆ ಕಾರ್ಖಾನೆಗೆ ಒಂದೂರಿನ ಕಬ್ಬು, ಮತ್ತೊಂದೂರಿನ ಚಕ್ಕಡಿ, ಇನ್ನೆಲ್ಲಿಂದಲೋ ಬಂದ ಕಬ್ಬು ಕಡಿಯುವವರ ಗುಂಪು. ಬನಹಟ್ಟಿಯ ಸೀರೆಗೆ ಹೊರಗಿನಿಂದ ನೂಲು ಬರಬೇಕು, ನೇಯ್ದದ್ದು ಹೊರಗೆ ಹೋಗಬೇಕು. ಮಹಾಲಿಂಗಪುರದ ಬೆಲ್ಲದ ಪೇಟೆ, ವಾರದ ಸಂತೆ, ಮದುವೆ, ಜಾತ್ರೆ, ಮಣ್ಣು ಕೊಡುವ ದಿನ, ಎಲ್ಲಕ್ಕೂ ಜನ ಕೂಡಬೇಕು. ವೈರಾಣುವಿಗೆ ಕಾಲಿಲ್ಲ, ಅದು ನಮ್ಮ ಕಾಲಿನ ಮೇಲೆಯೇ ನಡೆಯುತ್ತದೆ. ನಮ್ಮನ್ನು ಬದುಕಿಸುವ ಸಂಬಂಧಗಳೇ ಅದಕ್ಕೆ ರಸ್ತೆಗಳು.

ಕೆಮ್ಮು, ಸೀನು, ಮಾತಿನಲ್ಲಿ ಹೊರಡುವ ಹನಿಗಳಲ್ಲಿ ಅದು ಸಾಗುತ್ತದೆ. ಗಾಳಿಯಾಡದ ಕೋಣೆಯಲ್ಲಿ ಸೂಕ್ಷ್ಮ ಕಣಗಳಾಗಿ ತೇಲುತ್ತಲೂ ಇರುತ್ತದೆ. ಜ್ವರ ಕಾಣುವ ಒಂದೆರಡು ದಿನ ಮುಂಚೆಯೇ ಅದು ಇನ್ನೊಬ್ಬರಿಗೆ ಹರಡಬಲ್ಲದು. ಎಷ್ಟೋ ಜನರಿಗೆ ಜ್ವರವೇ ಬರುವುದಿಲ್ಲ. ಮೊದಲ ಅಲೆಯಲ್ಲಿ ಸರಾಸರಿ ಒಬ್ಬರಿಂದ ಇಬ್ಬರು ಮೂವರಿಗೆ ಹರಡುತ್ತಿತ್ತೆಂದು ಲೆಕ್ಕ; ಆದರೆ ಬಹಳ ಮಂದಿ ಯಾರಿಗೂ ಹರಡಲಿಲ್ಲ, ಕೆಲವರಿಂದ ಮಾತ್ರ ಕಿಕ್ಕಿರಿದ ಜಾಗದಲ್ಲಿ ಹತ್ತಾರು ಮಂದಿಗೆ ತಗಲಿತು. ಎರಡನೆಯ ಅಲೆಯಲ್ಲಿ, 2021ರ ಮೇ 5ರಂದು, ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಆ ಜೂನ್-ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿದಾಗ, ಲಸಿಕೆ ಪಡೆಯದವರಲ್ಲೂ ಶೇಕಡಾ 62ರಷ್ಟು ಜನರಿಗೆ ಸೋಂಕು ತಗಲಿ ಹೋಗಿದ್ದ ಗುರುತು ಸಿಕ್ಕಿತು. ಅವರಲ್ಲಿ ಬಹುಪಾಲು ಜನರಿಗೆ ತಮಗೆ ರೋಗ ಬಂದದ್ದೇ ತಿಳಿದಿರಲಿಲ್ಲ. ಹೀಗಿರುವಾಗ ‘ತಂದವರು ಇವರೇ’ ಎಂದು ಬೆರಳು ತೋರಿಸಲು ಯಾರಿಂದ ಸಾಧ್ಯ?

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ಗಂಭೀರ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿದ್ದರೆ ಸಾಲದು. ಪೂರ್ಣ ಅರಿವೂ ಬೇಕು, ಮನಸಾರೆ ಒಪ್ಪಿಗೆಯೂ ಬೇಕು. ತಂದೆಯ ಪಕ್ಕದಲ್ಲಿ ಕುಳಿತು ಉಂಡ ಮಗನಿಗೆ ಆ ಅರಿವೂ ಇರಲಿಲ್ಲ, ಆ ಇಚ್ಛೆಯೂ ಇರಲಿಲ್ಲ. ಅವನದು ದುಃಖ, ಪಾಪವಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪದ ಫಲವೆಂದು ಕೇಳಿದಾಗ, ಯೇಸುಸ್ವಾಮಿ ಅವನ ಮೇಲಾಗಲಿ, ಅವನ ತಂದೆತಾಯಿಯರ ಮೇಲಾಗಲಿ ತಪ್ಪು ಹೊರಿಸಲಿಲ್ಲ. ರೋಗಿಯಲ್ಲಿ ಅಪರಾಧಿಯನ್ನು ಹುಡುಕುವ ಚಟಕ್ಕೆ ಅದೇ ಉತ್ತರ.

ಆದರೆ ಮಾತು ಇಲ್ಲಿಗೇ ಮುಗಿಯುವುದಿಲ್ಲ. ತಿಳಿಯದಿರುವುದು ಬೇರೆ, ತಿಳಿದುಕೊಳ್ಳಲು ಮನಸ್ಸಿಲ್ಲದಿರುವುದು ಬೇರೆ. ಎರಡನೆಯದು ನೆಪವಾಗದು. 2020ರ ಮಾರ್ಚಿನಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂದವನ ಮಾತು ನಿಜ. ಇಂದು ಕೆಮ್ಮುತ್ತಲೇ ಮದುವೆ ಮನೆಗೆ ಹೋಗಿ, ಎಂಬತ್ತರ ಅಜ್ಜಿಯ ಕಿವಿಯ ಬಳಿ ಬಾಗಿ ಮಾತನಾಡುವವನು ಅದೇ ಮಾತನ್ನು ಹೇಳಲಾರ. ತಮ್ಮನ ವಿಷಯ ನನಗೇಕೆಂದ ಕಾಯಿನನ ಪ್ರಶ್ನೆಗೆ ನಮ್ಮ ಉಸಿರೇ ಉತ್ತರ ಕೊಡುತ್ತದೆ: ನಾವು ಒಬ್ಬರ ಗಾಳಿಯನ್ನು ಇನ್ನೊಬ್ಬರು ಸೇವಿಸಿ ಬದುಕುವವರು.

‘ನಾನೊಬ್ಬ ಎಚ್ಚರವಾಗಿದ್ದರೆ ಏನಾದೀತು?’ ಎನ್ನುವವರಿಗೆ ಜಮಖಂಡಿ ತಾಲ್ಲೂಕಿನಲ್ಲಿಯೇ ಒಂದು ಉತ್ತರವಿದೆ. ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ತೀರದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ, ತಮ್ಮ ವಂತಿಗೆ ಮತ್ತು ಶ್ರಮದಾನದಿಂದ 1989ರಲ್ಲಿ ಬ್ಯಾರೇಜ್ ಕಟ್ಟಿದರು. ಒಬ್ಬ ರೈತ ಹೊತ್ತ ಕಲ್ಲು ಹೊಳೆಯನ್ನು ತಡೆಯಲಿಲ್ಲ; ಆದರೆ ಪ್ರತಿಯೊಬ್ಬನೂ ಹಾಗೆಂದು ಮನೆಯಲ್ಲಿ ಕುಳಿತಿದ್ದರೆ ನೀರು ನಿಲ್ಲುತ್ತಿರಲಿಲ್ಲ. ಸಾಂಕ್ರಾಮಿಕವೂ ಹಾಗೆಯೇ. ಒಬ್ಬರಿಂದ ಮೂವರಿಗೆ ಎಂಬ ಲೆಕ್ಕವನ್ನು ಒಬ್ಬರಿಂದ ಒಬ್ಬರಿಗೂ ತಲುಪದಂತೆ ಇಳಿಸಿದರೆ ಅಲೆ ತಾನಾಗಿ ಕುಗ್ಗುತ್ತದೆ. ಲಸಿಕೆ, ಮುಖಗವುಸು, ತೆರೆದ ಕಿಟಕಿ, ಮುಂದೂಡಿದ ಪ್ರಯಾಣ: ಇವೆಲ್ಲ ಆ ಕಲ್ಲುಗಳು.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಠಿಣ. ದಿನಗೂಲಿಯ ನೇಕಾರನಿಗೆ ಜ್ವರ ಬಂದರೆ ಅವನು ಮಗ್ಗ ಬಿಟ್ಟು ಮನೆಯಲ್ಲಿರಬೇಕೇ? ಇರಬೇಕು. ಆದರೆ ಆ ವಾರ ಅವನ ಮಕ್ಕಳು ಏನು ಉಣ್ಣಬೇಕು? 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕೈಮಗ್ಗದ ನೇಕಾರರಿಗೆ ತಲಾ 2,000 ರೂಪಾಯಿ ಘೋಷಿಸಿತು. ಅಷ್ಟರಿಂದ ಒಂದು ಸಂಸಾರ ಎಷ್ಟು ದಿನ ಸಾಗೀತು? ಗುಡಿಸಲಿನಲ್ಲಿ ಒತ್ತೊತ್ತಾಗಿ ಮಲಗುವ ಕಬ್ಬು ಕಡಿಯುವವನಿಗೆ ‘ದೂರವಿರು’ ಎನ್ನುವುದು ಸುಲಭ, ದೂರವಿರಲು ಅವನಿಗೆ ಜಾಗವೆಲ್ಲಿ? ಮನೆಯಲ್ಲಿರು ಎಂದು ಹೇಳುವವನು ಆ ಮನೆಯ ಒಲೆ ಉರಿಯುವಂತೆಯೂ ನೋಡಬೇಕು. ರೋಗ ಹರಡದಂತೆ ತಡೆಯುವ ಹೊಣೆ ರೋಗಿಯೊಬ್ಬನದಲ್ಲ; ಕೂಲಿ ಕೊಡುವ ಮಾಲೀಕನದು, ಉದ್ರಿ ಕೊಡುವ ಅಂಗಡಿಯವನದು, ಪಕ್ಕದ ಮನೆಯವನದೂ ಹೌದು. ಕೈಯಲ್ಲಿ ಹೆಚ್ಚು ಇದ್ದವನ ಹೊಣೆಯೂ ಹೆಚ್ಚು.

ಜಗತ್ತಿನ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು; ವೈರಾಣು ಮಾತ್ರ ಹೋಗಿಲ್ಲ, ಪ್ರತಿ ವರ್ಷದ ಶೀತಜ್ವರವೂ ನಿಂತಿಲ್ಲ. ಆದುದರಿಂದ ಪ್ರಿಯ ಓದುಗರೇ, ಜ್ವರವಿದ್ದ ಭಾನುವಾರ ಮನೆಯಲ್ಲಿಯೇ ಪ್ರಾರ್ಥಿಸಿರಿ. ರೋಗಿಗೆ ಬಲಿಪೂಜೆಯ ಕಟ್ಟುಪಾಡಿಲ್ಲ, ಅದು ಭಕ್ತಿಯ ಕೊರತೆಯೂ ಅಲ್ಲ. ಕೆಮ್ಮುವ ಮಗುವನ್ನು ಶಾಲೆಗೆ ದೂಡಬೇಡಿರಿ. ಜ್ವರದಿಂದ ಮಲಗಿದ ನೆರೆಮನೆಯ ಹೊಸ್ತಿಲಲ್ಲಿ ನಾಲ್ಕು ರೊಟ್ಟಿ, ಒಂದಿಷ್ಟು ಪಲ್ಯ ಇಟ್ಟು ಬನ್ನಿರಿ. ಇನ್ನು, ತನ್ನಿಂದಲೇ ತಂದೆ ಹೋದನೆಂದು ಒಳಗೊಳಗೇ ಬೇಯುತ್ತಿರುವವನು ನಿಮ್ಮ ಬಂಧುಗಳಲ್ಲಿದ್ದರೆ, ಅವನ ಬಳಿ ಹೋಗಿ ಕುಳಿತು, ತಪ್ಪು ನಿನ್ನದಲ್ಲವೆಂದು ಬಾಯಿಬಿಟ್ಟು ಹೇಳಿರಿ. ಐದು ವರ್ಷ ಕಳೆದರೂ ಆ ಮಾತನ್ನು ಅವನಿಗೆ ಯಾರೂ ಹೇಳದೆ ಇದ್ದಿರಬಹುದು.