ಎರಡು ವಿದ್ಯಾಪೀಠಗಳ ನಡುವೆ

ಒಳಿತು ಕೆಡಕುಗಳಲ್ಲಿ ಒಂದನ್ನು ಆರಿಸಬೇಕಾದಾಗ ಧರ್ಮವು ಸಂದಿಗ್ಧವಾಗಿರುವದಿಲ್ಲ; ಮನಸ್ಸಿನ ದೌರ್ಬಲ್ಯವೊಂದೇ ಅಲ್ಲಿಯ ತೊಡಕು. ಕಠೋಪನಿಷತ್ತಿನ ನಚಿಕೇತನು ಪ್ರೇಯಸ್ಸನ್ನು ತೊರೆದು ಶ್ರೇಯಸ್ಸನ್ನು ಹಿಡಿದನು. ಆದರೆ ಎದುರಿಗಿರುವ ಎರಡೂ ಶ್ರೇಯಸ್ಸುಗಳೇ ಆಗಿದ್ದರೆ ಬಿಡಬೇಕಾದುದು ಯಾವುದು? ಪಿಎಚ್.ಡಿ. ಪದವಿಗಾಗಿ ಎರಡು ವಿಶ್ವವಿದ್ಯಾಲಯಗಳಲ್ಲಿ ಒಂದನ್ನು ಆರಿಸಬೇಕಾದ ವಿದ್ಯಾರ್ಥಿಯ ಸಂಕಟವು ಈ ಬಗೆಯದು.

ಬ್ಯಾಡಗಿಯ ರೈತನೊಬ್ಬನ ಮಗಳು ಮೆಣಸಿನಕಾಯಿಯನ್ನು ಕುರಿತು ಸಂಶೋಧನೆ ಮಾಡಬಯಸಿರುವಳೆಂದೂ, ಅವಳಿಗೆ ಎರಡು ಕಡೆ ಪ್ರವೇಶ ದೊರೆತಿರುವದೆಂದೂ ಭಾವಿಸಬಹುದು. ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು 1986ರಲ್ಲಿ ಸ್ಥಾಪಿತವಾದರೂ ಅಲ್ಲಿಯ ಕೃಷಿ ಮಹಾವಿದ್ಯಾಲಯವು 1947ರದು. ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಅದರ ಸಂಶೋಧನ ಕೇಂದ್ರವಿದೆ. ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು 2008ರದು. ಹಾವೇರಿಯ ಸಮೀಪದ ದೇವಿಹೊಸೂರಿನಲ್ಲಿ ಅದರ ಕೇಂದ್ರವೂ ಆಹಾರ ತಂತ್ರಜ್ಞಾನವನ್ನು ಕಲಿಸುವ ಮಹಾವಿದ್ಯಾಲಯವೂ ಇವೆ. ಎರಡೂ ಪೀಠಗಳ ಕೇಂದ್ರಗಳು ಅವಳ ಹೊಲಕ್ಕೆ ದೂರವಲ್ಲ.

ಇಂಥಲ್ಲಿ ಹಿತೋಪದೇಶಕ್ಕೆ ಕೊರತೆಯಿಲ್ಲ. ಹಿರಿಯರು ಧಾರವಾಡದ ಹಳೆಯ ಹೆಸರನ್ನು ಎತ್ತಿ ಹಿಡಿಯುವರು. 1997ರ ವರೆಗೆ ಹಾವೇರಿಯು ಧಾರವಾಡ ಜಿಲ್ಲೆಯಲ್ಲಿಯೇ ಇದ್ದುದರಿಂದ ಆ ಊರಿನ ಮೇಲಣ ಅಭಿಮಾನವು ಸಹಜ. ಒಡನಾಡಿಗಳು ಹೊಸ ಪೀಠದಲ್ಲಿ ಬೇಗನೆ ಮುಂದೆ ಬರಬಹುದೆನ್ನುವರು. ಹೆಸರು, ಸಾಮೀಪ್ಯ, ಮುಂದಿನ ನೌಕರಿ ಇವು ತಿರಸ್ಕಾರಕ್ಕೆ ಯೋಗ್ಯವಾದವುಗಳಲ್ಲ. ಬಡ ಮನೆತನದಲ್ಲಂತೂ ಅಲ್ಲ. ಆದರೆ ಶ್ರೇಯಸ್ಸಿನ ವೇಷದಲ್ಲಿ ಪ್ರೇಯಸ್ಸು ಒಳಹೊಗುವದು ಈ ಬಾಗಿಲಿನಿಂದಲೇ.

ಮೊದಲು ನಿಶ್ಚಯವಾಗಬೇಕಾದುದು ಪೀಠವಲ್ಲ, ಪ್ರಶ್ನೆ. ಬ್ಯಾಡಗಿಯ ಕಡ್ಡಿ, ಡಬ್ಬಿ ಮೆಣಸಿನಕಾಯಿಗಳ ಕೀರ್ತಿಯು ಖಾರಕ್ಕಿಂತ ಕೆಂಬಣ್ಣದಲ್ಲಿದೆ; 2011ರಲ್ಲಿ ಅವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು. ಆದರೆ ಮೆಣಸಿನ ಹೂವಿಗೆ ಬೇರೆ ತಳಿಯ ಪರಾಗವು ತಗಲುವದರಿಂದ, ರೈತನು ಮನೆಯಲ್ಲಿ ತೆಗೆದಿರಿಸಿದ ಬೀಜದ ಶುದ್ಧಿಯು ಕ್ರಮೇಣ ಕೆಡುವದು. ಥ್ರಿಪ್ಸ್, ನುಸಿಗಳಿಂದ ಎಲೆಯು ಮುದುಡುವದು. ಒಣಗಲು ಹರವಿದ ಕಾಯಿಗೆ ಮಳೆ ಹತ್ತಿದರೆ ಬಣ್ಣವೇ ಹೋಗುವದು. ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಬೀಜ, ಕೀಟ, ಸಂಸ್ಕರಣಗಳಿಗೆ ಗುರುಗಳೂ ಬೇರೆ. ಅವಳನ್ನು ಕಾಡುವ ಪ್ರಶ್ನೆಯನ್ನು ಹಲವು ವರ್ಷ ಹಿಡಿದು ದುಡಿದ ಗುರುವು ಎಲ್ಲಿರುವನು? ಶಿಷ್ಯರಿಗೆ ಅವನು ಸಮಯ ಕೊಡುವನೇ? ಪದವಿ ಮುಗಿಯುವ ಮೊದಲೇ ನಿವೃತ್ತನಾಗುವನೇ? ಅವನ ಕೈಕೆಳಗೆ ಈಗ ಓದುತ್ತಿರುವವರು ಏನು ಹೇಳುವರು? ಇವಕ್ಕೆ ಉತ್ತರ ದೊರೆತ ಮೇಲೆ ಪೀಠದ ಆಯ್ಕೆಯು ಬಹುಮಟ್ಟಿಗೆ ತಾನಾಗಿಯೇ ಆಗುವದು.

ಆರಿಸಿದ ಬಳಿಕ ಕರ್ತವ್ಯವೊಂದು ಉಳಿಯುವದು. ಧೈರ್ಯ ಸಾಲದೆ ಎರಡೂ ಸ್ಥಾನಗಳನ್ನು ಕೊನೆಯ ದಿನದ ವರೆಗೆ ಹಿಡಿದಿಡುವದು ಜಾಣತನವೆಂದು ತೋರಬಹುದು. ಆದರೆ ಆ ಎರಡನೆಯ ಸ್ಥಾನವು ಮತ್ತೊಬ್ಬ ರೈತನ ಮಗನದೋ ಮಗಳದೋ ಆಗಿರುವದು. ಬೇಡವಾದುದನ್ನು ಕೂಡಲೆ, ವಿನಯದಿಂದ, ಬಿಟ್ಟುಕೊಡುವದೇ ಸಂಶೋಧಕನ ಮೊದಲ ಪ್ರಾಮಾಣಿಕತೆ.

ಬಿಟ್ಟ ದಾರಿಯು ಹೇಗಿರುತ್ತಿತ್ತೆಂಬುದು ಯಾರಿಗೂ ತಿಳಿಯಲಾರದು. ಆದುದರಿಂದ ಅದನ್ನು ನೆನೆದು ಮರುಗುವದು ವ್ಯರ್ಥ. ಬ್ಯಾಡಗಿಯ ಪೇಟೆಗೆ ಚೀಲ ಹೊತ್ತು ತರುವ ರೈತನು ಅವಳ ಪದವಿಯು ಯಾವ ಊರಿನದೆಂದು ಕೇಳುವದಿಲ್ಲ. ಮುಂದಿನ ವರ್ಷದ ಬೀಜವನ್ನು ನಂಬಬಹುದೇ ಎಂದು ಮಾತ್ರ ಕೇಳುವನು.