ಅರ್ಪಿಸಲಾಗದುದನ್ನು ಭಕ್ತನು ಸೇವಿಸಬಹುದೇ?

ಲಿಂಗಕ್ಕೆ ಅರ್ಪಿಸದೆ ಯಾವುದನ್ನೂ ಸ್ವೀಕರಿಸಬಾರದೆಂಬುದು ಶರಣಮಾರ್ಗದ ಮೂಲ ನಿಯಮಗಳಲ್ಲೊಂದು. ಉಣ್ಣುವ ಅನ್ನ, ಕುಡಿಯುವ ನೀರು ಮೊದಲು ಲಿಂಗಕ್ಕೆ ಸಂದು, ಬಳಿಕ ಪ್ರಸಾದವಾಗಿ ಭಕ್ತನ ಕೈಗೆ ಬರತಕ್ಕವು. ಶರಣರ ವಚನಗಳಲ್ಲಿ ತಂಬಾಕಿನ ಮಾತಿಲ್ಲ. ಆ ಗಿಡವು ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳೊಡನೆ ಅದು ಈ ದೇಶಕ್ಕೆ ಬಂದುದು ಬಸವಾದಿ ಪ್ರಮಥರ ಕಾಲಕ್ಕೆ ಸುಮಾರು ನಾಲ್ಕು ಶತಮಾನಗಳ ತರುವಾಯ. ಆದರೂ ಅರ್ಪಿತದ ತತ್ತ್ವವೊಂದನ್ನೇ ಒರೆಗಲ್ಲಾಗಿ ಹಿಡಿದರೆ, ತಂಬಾಕಿನ ಬೆಲೆ ಏನೆಂಬುದು ತಾನಾಗಿ ತಿಳಿಯುತ್ತದೆ.

ಯಲಬುರ್ಗಾ ಸೀಮೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹಿರಿಯರು ಬೆಳಗಿನ ಲಿಂಗಪೂಜೆ ಮುಗಿಸಿ, ರೊಟ್ಟಿಯ ತಾಟನ್ನು ಲಿಂಗಕ್ಕೆ ತೋರಿ ಉಂಡು, ಕಟ್ಟೆಗೆ ಬಂದು ಕುಳಿತು ಬೀಡಿ ಹಚ್ಚುತ್ತಾರೆ. ಬೀಡಿ ತಂದುಕೊಟ್ಟವನು ಮೊಮ್ಮಗ. ಅವನು ಕೇಳುತ್ತಾನೆ: “ಅಜ್ಜಾ, ರೊಟ್ಟೀನ ಲಿಂಗಕ್ಕ ತೋರಿಸಿ ಉಣ್ತೀ. ಬೀಡೀನ ಯಾಕ ತೋರಿಸಂಗಿಲ್ಲ?” ಇದಕ್ಕೆ ಅಜ್ಜನ ಬಳಿ ಉತ್ತರವಿರದು. ಎದೆಯ ಮೇಲಿನ ಲಿಂಗಕ್ಕೆ ತೋರಿಸಲು ಅಂಜುವ ವಸ್ತುವನ್ನು ಎದೆಯೊಳಕ್ಕೆ ಎಳೆದುಕೊಳ್ಳುವುದು ಯಾವ ಭಕ್ತಿ?

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ಲಕ್ಷಾಂತರ ಭಕ್ತರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುತ್ತಾರೆ. ಅದೇ ಭಕ್ತನು ಹೊರಬಂದು ತಂಬಾಕಿನ ಚೀಟಿಯನ್ನು ಹಲ್ಲಿನಿಂದ ಹರಿದನೆಂದರೆ, ಪ್ರಸಾದಕಾಯವೆನಿಸಿದ ದೇಹವನ್ನು ಅರೆಗಳಿಗೆಯಲ್ಲಿ ಮರೆತನೆಂದೇ ಅರ್ಥ. ಸೇದುವ ತಂಬಾಕು ಶ್ವಾಸಕೋಶವನ್ನೂ ಹೃದಯವನ್ನೂ ಕೆಡಿಸುತ್ತದೆ. ಸುಣ್ಣದೊಡನೆ ತಿಕ್ಕಿ ದವಡೆಗಿಟ್ಟ ತಂಬಾಕು ಬಾಯಿಯ ಕ್ಯಾನ್ಸರಿಗೆ ದಾರಿಮಾಡುತ್ತದೆ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಸೇವಿಸುತ್ತಿದ್ದರು. ಅಂದರೆ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬರು.

ಈ ನಾಲ್ವರಲ್ಲೊಬ್ಬನು ಹುಟ್ಟುವುದು ಎಲ್ಲಿ? ಬಹುಮಟ್ಟಿಗೆ ಎಳೆಯ ವಯಸ್ಸಿನಲ್ಲಿ, ಹಿರಿಯರ ಕಣ್ಣೆದುರಿನಲ್ಲೇ. 2003ರ ಕೇಂದ್ರ ಕಾಯಿದೆಯು 18 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿತು; ಕರ್ನಾಟಕದ ತಿದ್ದುಪಡಿಯು 2025ರಲ್ಲಿ ಜಾರಿಗೆ ಬಂದು ಆ ವಯಸ್ಸನ್ನು 21ಕ್ಕೆ ಏರಿಸಿತು. ಆದರೆ ತಂದೆಯೇ ಮಗನ ಕೈಗೆ ದುಡ್ಡು ಕೊಟ್ಟು ಅಂಗಡಿಗೆ ಅಟ್ಟಿದರೆ ಕಾಯಿದೆ ಏನು ಮಾಡೀತು? ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ತರುಣನಾಗಲಿ, ಕುಷ್ಟಗಿಯಿಂದ ಕೂಲಿಗೆಂದು ದೂರದ ಪಟ್ಟಣಕ್ಕೆ ಹೋಗುವ ತರುಣನಾಗಲಿ, ದಣಿವು ಕಳೆಯುವ ನೆಪದಲ್ಲಿ ಅದನ್ನು ಹಿಡಿಯುತ್ತಾನೆ. ಕಾಯಕದ ದಣಿವು ವಿಶ್ರಾಂತಿಯಿಂದ ಕಳೆಯತಕ್ಕದ್ದು, ವಿಷದಿಂದಲ್ಲ. ಕಾಯಕದ ಗಳಿಕೆಯು ದಾಸೋಹಕ್ಕೆ ಸಲ್ಲತಕ್ಕದ್ದು, ಹೊಗೆಗಲ್ಲ.

ಕುಷ್ಟಗಿಗೆ ನೆರೆಯ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಮಹಾಂತ ಶಿವಯೋಗಿಗಳು ಈ ಮರ್ಮವನ್ನರಿತಿದ್ದರು. 1975ರಲ್ಲಿ ಅವರು ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿ ಊರೂರು ತಿರುಗತೊಡಗಿದರು. ಅವರು ಬೇಡಿದ್ದು ಕಾಳನ್ನಲ್ಲ, ಕಾಣಿಕೆಯನ್ನಲ್ಲ. ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಬೀಡಿಯ ಕಟ್ಟು, ತಂಬಾಕಿನ ಚೀಟಿಗಳನ್ನು ಜನರು ಆ ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತುಕೊಟ್ಟರು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಾಡು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಈ ಜೋಳಿಗೆಯ ಅರ್ಥವನ್ನು ಗ್ರಹಿಸಬೇಕು. ತಂಬಾಕನ್ನು ಲಿಂಗಕ್ಕೆ ಅರ್ಪಿಸಲು ಬಾರದು. ಆದರೆ ತಂಬಾಕಿನ ಆಸೆಯನ್ನು ಅರ್ಪಿಸಲು ಬರುತ್ತದೆ. ಅರ್ಪಿಸಿದುದನ್ನು ಮರಳಿ ಬೇಡುವುದು ಭಕ್ತನ ಲಕ್ಷಣವಲ್ಲ.

ಬಿಡುವುದು ಸುಲಭವೆಂದು ಯಾರೂ ಹೇಳಲಾರರು. ನಿಕೋಟಿನ್ ಎಂಬ ಅಂಶವು ಮೆದುಳನ್ನು ಕಟ್ಟಿಹಾಕುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ತಲೆನೋವು, ನಿದ್ದೆಗೇಡು ಕಾಣಿಸುವುದುಂಟು. ಕೆಲವು ವಾರಗಳಲ್ಲಿ ಅವು ಇಳಿಯುತ್ತವೆ. ತುಡಿತ ಎದ್ದಾಗ ಅದು ನಿಲ್ಲುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ನೀರು ಕುಡಿದು, ಷಡಕ್ಷರಿಯನ್ನು ಜಪಿಸುತ್ತ ಕಳೆದರೆ ಅಲೆ ದಾಟಿಹೋಗುತ್ತದೆ. ಜಪವೊಂದೇ ಸಾಲದೆನಿಸಿದರೆ ವೈದ್ಯರ ಸಹಾಯ ಬೇಡಲು ನಾಚಬೇಕಾಗಿಲ್ಲ. 1800-11-2356 ಎಂಬ ಸರಕಾರದ ಉಚಿತ ದೂರವಾಣಿಯೂ ಇದಕ್ಕಾಗಿಯೇ ಇದೆ. ಒಮ್ಮೆ ಎಡವಿದವನು ಮತ್ತೆ ಎದ್ದು ವ್ರತ ಹಿಡಿಯಲಿ. ಸೇದುವುದನ್ನು ಬಿಟ್ಟು ಒಂದು ವರ್ಷವಾದರೆ, ಹೊಗೆಯಿಂದ ಹೆಚ್ಚಿದ್ದ ಹೃದ್ರೋಗದ ಭಯವು ಅರ್ಧಕ್ಕಿಳಿಯುತ್ತದೆಂದು ವೈದ್ಯರು ಹೇಳುತ್ತಾರೆ.

ಕಟ್ಟೆಯ ಮೇಲಿನ ಅಜ್ಜನಿಗೆ ಈಗ ಉತ್ತರ ದೊರೆತಿದೆ. ಅವನು ಬೀಡಿಯ ಕಟ್ಟನ್ನು ಮುರಿದು ತಿಪ್ಪೆಗೆಸೆದು, ಮೊಮ್ಮಗನನ್ನು ಹತ್ತಿರ ಕೂಡ್ರಿಸಿಕೊಂಡರೆ ಸಾಕು. ಆ ಮನೆಗೆ ಬೇರೆ ಪ್ರವಚನ ಬೇಕಾಗದು. ಅಂಥ ಕಟ್ಟೆಗಳು ಊರೂರಿನಲ್ಲಿ ಹೆಚ್ಚಲಿ.